ಮಗುವಿನ ಕೋಣೆಯಲ್ಲಿ ಮಾಸ್ಟರ್

ಕಳ್ಳರ ಭಯ ಇರುವವರು ಅಂಗಡಿಗೆ ಕ್ಯಾಮೆರಾ ಹಾಕಿಸುತ್ತಾರೆ. ನಾನು ಹಾಕಿಸಿದ್ದು, ನನ್ನ ಅಂಗಡಿಗೆ ಕಳ್ಳರ ಭಯವೇ ಇಲ್ಲ ಎನ್ನುವುದು ಬೀದಿಗೆ ಗೊತ್ತಾಗದಿರಲಿ ಎಂದು. ಆಮೇಲೆ ನಡೆದದ್ದಕ್ಕೆಲ್ಲ ನನ್ನ ಭಾವಮೈದುನನೇ ಕಾರಣ ಎಂದು ನಾಲ್ಕು ಜನರ ಹತ್ತಿರ ಹೇಳಿಕೊಂಡು ಬಂದಿದ್ದೇನೆ. ಅದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ನನ್ನದು ಟೈಲರ್ ಅಂಗಡಿ, ಅಪ್ಪ ಕಟ್ಟಿದ್ದು. ಬಾಗಿಲ ಪಕ್ಕ ನನ್ನ ಕುರ್ಚಿ, ನಡುವೆ ಸೊಂಟದೆತ್ತರದ ಕಟಿಂಗ್ ಮೇಜು, ಹಿಂದೆ ಎರಡು ಹೊಲಿಗೆ ಯಂತ್ರ, ಅವುಗಳ ಮುಂದೆ ಹೊಲಿಯುವ ಇಬ್ಬರು, ಮೂಲೆಯಲ್ಲಿ ಪರದೆ ಎಳೆದ ಟ್ರಯಲ್ ಗೂಡು. ಗಿರಾಕಿಗಳ ಜೊತೆ ಮಾತಾಡುವುದು, ಅಳತೆ ಬರೆದುಕೊಳ್ಳುವುದು, "ಗುರುವಾರ ಬನ್ನಿ" ಎನ್ನುವುದು ನನ್ನ ಕೆಲಸ. ಬಟ್ಟೆಗೆ ಕತ್ತರಿ ಹಾಕುವುದು ಮಾಸ್ಟರ್. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನೂ ಒಮ್ಮೆ ಒಂದು ಪ್ಯಾಂಟು ಕತ್ತರಿಸಿದ್ದೆ. ಎರಡೂ ಎಡಗಾಲು ಬಂದವು. ಅಂದಿನಿಂದ ಅಪ್ಪ ನನ್ನ ಕೈಗೆ ಕತ್ತರಿ ಕೊಡಲಿಲ್ಲ, ಪೆನ್ಸಿಲ್ ಕೊಟ್ಟರು.

ಮಾಸ್ಟರ್ ಅಪ್ಪನ ಕಾಲದವರು. ಮೂವತ್ತೊಂದು ವರ್ಷದಿಂದ ಅದೇ ಮೇಜಿನ ಮುಂದೆ ನಿಂತಿದ್ದಾರೆ. ನನಗೆ ನಲವತ್ತಾರು ತುಂಬಿದರೂ ಅವರ ಬಾಯಲ್ಲಿ ನಾನಿನ್ನೂ "ಚಿಕ್ಕ ಯಜಮಾನ್ರು". ಗಿರಾಕಿ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅವನ ಯಾವ ಹೆಗಲು ಇಳಿದಿದೆ, ಯಾವ ತೋಳು ಉದ್ದ ಎಂದು ಅವರು ನೋಡಿ ಮುಗಿಸಿರುತ್ತಾರೆ. ಬೋರ್ಡಿನ ಮೇಲೆ ನಮ್ಮಪ್ಪನ ಹೆಸರಿದ್ದರೂ ಜನ ಬರುವುದು ಮಾಸ್ಟರ್ ಕೈಗುಣಕ್ಕೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ ಅಷ್ಟೆ.

ಇನ್ನೊಂದು ವಿಷಯ. ಕತ್ತರಿಸಿ ಉಳಿದ ಚೂರು ಬಟ್ಟೆ ಕಟಿಂಗ್ ಮಾಸ್ಟರಿಗೆ ಸೇರಬೇಕು ಎನ್ನುವುದು ನಮ್ಮ ಅಂಗಡಿಯಲ್ಲಿ ಬರೆದಿಡದ ಕಾನೂನು. ಸಂಜೆ ಮಾಸ್ಟರ್ ಅದನ್ನು ಒಂದು ಕೈಚೀಲದಲ್ಲಿ ತುಂಬಿಕೊಂಡು ಹೋಗುತ್ತಾರೆ. ಅವರ ಹೆಂಡತಿ ಅದರಲ್ಲಿ ದಿಂಬಿನ ಗವಸು, ಕಾಲೊರಸು ಹೊಲಿಯುತ್ತಾರೆ. ಮೂವತ್ತೊಂದು ವರ್ಷದಲ್ಲಿ ಆ ಚೀಲದ ಕಡೆ ಯಾರೂ ಕಣ್ಣೆತ್ತಿ ನೋಡಿರಲಿಲ್ಲ.

ಹೀಗಿರುವಾಗ ಎದುರಿನ ಕನ್ನಡಕದ ಅಂಗಡಿಯವರು ಬಾಗಿಲಿಗೆ ಒಂದು ಕೆಂಪು ಬೋರ್ಡು ಹಾಕಿದರು: "ನೀವು ಕ್ಯಾಮೆರಾ ಕಣ್ಗಾವಲಿನಲ್ಲಿದ್ದೀರಿ." ಹಾಕಿಕೊಳ್ಳಲಿ, ನನಗೇನು. ಆದರೆ ಮರುದಿನ ಟೀ ಕುಡಿಯುವಾಗ ಅವರು ನನ್ನ ಅಂಗಡಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು: "ನಿಮಗೆ ಈ ತಲೆನೋವೆಲ್ಲ ಇಲ್ಲ ಬಿಡಿ. ನಿಮ್ಮಲ್ಲಿ ಕದಿಯೋಕೆ ಏನಿದೆ?"

ಅವರು ಕರುಣೆಯಿಂದಲೇ ಹೇಳಿದ್ದು. ಅದಕ್ಕೇ ಹೊಟ್ಟೆ ಉರಿಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕು ಎನ್ನುವ ಜಾತಿಗೆ ಸೇರಿದವನು ನಾನು ಎಂದು ಆ ಟೀ ಲೋಟ ಕೆಳಗಿಡುವಷ್ಟರಲ್ಲಿ ನನಗೆ ಗೊತ್ತಾಯಿತು. ಸಂಜೆ ಹೆಂಡತಿಯ ತಮ್ಮನಿಗೆ ಫೋನ್ ಮಾಡಿದೆ. ಯಂತ್ರ ಎಂದರೆ ಅವನು, ಅವನು ಎಂದರೆ ಯಂತ್ರ ಎಂದು ನನ್ನ ಅತ್ತೆ ಹೇಳುತ್ತಾರೆ.

"ನನಗೆ ಬೋರ್ಡ್ ಒಂದೇ ಸಾಕು" ಎಂದೆ.

"ಕ್ಯಾಮೆರಾ ಇಲ್ದೆ ಬೋರ್ಡ್ ಹಾಕಿದ್ರೆ ಜನಕ್ಕೆ ಮೋಸ ಮಾಡಿದಂಗೆ ಭಾವ" ಎಂದ. "ಅಂಗಡಿಗೆ ಹಾಕೋ ಕ್ಯಾಮೆರಾ ಅಂದ್ರೆ ವೈರ್ ಎಳೀಬೇಕು, ಗೋಡೆ ಕೊರೀಬೇಕು, ನಾಲ್ಕು ಜನ ಬರ್ಬೇಕು. ಮನೆಗೆ ಹಾಕೋದು ತಂದ್ರೆ ಬಲ್ಬ್ ಹಾಕಿದಷ್ಟು ಸುಲಭ. ಎರಡೂ ಕಣ್ಣಲ್ಲೇ ತಾನೆ ನೋಡೋದು?"

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಸೋಮವಾರ ಅವನು ತಂದ ಕ್ಯಾಮೆರಾ ಮೊಟ್ಟೆಯಷ್ಟು ದಪ್ಪ, ಬೆಳ್ಳಗೆ, ತಲೆಯ ಮೇಲೆ ಎರಡು ಕಿವಿ.

"ಇದು ಯಾಕೆ ಮೊಲದ ಥರ ಇದೆ?"

"ಮಕ್ಕಳು ಹೆದರಬಾರದು ಅಂತ."

"ನಮ್ಮಲ್ಲಿ ಮಕ್ಕಳೆಲ್ಲಿದ್ದಾರೆ?"

"ಇದ್ರೂ ಹೆದರಲ್ಲ ಅಂತ ಇಟ್ಕೊಳ್ಳಿ ಭಾವ" ಎಂದು ಅವನು ಏಣಿ ಹತ್ತಿ ಅದನ್ನು ಕಟಿಂಗ್ ಮೇಜಿನ ಎದುರು ಗೋಡೆಗೆ ಅಂಟಿಸಿದ. ಆಮೇಲೆ ಮೊಬೈಲ್ ತೆಗೆದು ಕೂತ. ಕ್ಯಾಮೆರಾ ಇರುವುದು ಯಾವ ಕೋಣೆಯಲ್ಲಿ ಎಂದು ಆ್ಯಪ್ ಕೇಳಿತು. ಹಾಲ್, ಅಡುಗೆಮನೆ, ಮಲಗುವ ಕೋಣೆ, ಮಗುವಿನ ಕೋಣೆ, ಈ ನಾಲ್ಕರಲ್ಲಿ ಒಂದು ಆರಿಸಬೇಕು. ಅಂಗಡಿ ಎಂಬ ಜಾಗವೇ ಅದರ ಲೋಕದಲ್ಲಿಲ್ಲ. ಮಗುವಿನ ಕೋಣೆಗೆ ಚಿತ್ರ ಚೆನ್ನಾಗಿ ಬರುತ್ತದಂತೆ, ಅದನ್ನೇ ಒತ್ತಿದ. ಮುಂದೆ, ಕುಟುಂಬದ ಸದಸ್ಯರ ಮುಖಗಳನ್ನು ಸೇರಿಸಿ ಎಂದಿತು. ಪುಕ್ಕಟೆಯಾಗಿ ನಾಲ್ಕು ಮುಖ. ಅವನು ತನ್ನದು, ತನ್ನ ಅಕ್ಕನದು, ಅಂದರೆ ನನ್ನ ಹೆಂಡತಿಯದು, ಅತ್ತೆಯದು ಹಾಕಿ, ಕೊನೆಗೆ ಮರ್ಯಾದೆಗೆ ನನ್ನದನ್ನೂ ಸೇರಿಸಿದ. ನಾಲ್ವರ ಮೊಬೈಲಿಗೂ ಅಂಗಡಿ ಕಾಣುವ ಹಾಗೆ ಮಾಡಿ, ಎದ್ದು ಕೈಕೊಡವಿಕೊಂಡು ಹೋದ.

ಮಾಸ್ಟರ್ ಇದನ್ನೆಲ್ಲ ಕತ್ತರಿ ಹಿಡಿದೇ ನೋಡುತ್ತಿದ್ದರು. ಅವನು ಹೋದ ಮೇಲೆ ಕೇಳಿದರು: "ಏನಾದ್ರೂ ಕಳುವಾಗಿದೆಯಾ ಚಿಕ್ಕ ಯಜಮಾನ್ರೇ?"

"ಛೆ ಛೆ, ಏನಿಲ್ಲ."

"ಮತ್ತೆ ಇದು?"

ಕನ್ನಡಕದವರ ಮುಂದೆ ಮೀಸೆ ತಿರುವಲು ಎಂದು ಹೇಳುವುದು ಹೇಗೆ? "ಕಾಲ ಕೆಟ್ಟಿದೆ ಮಾಸ್ಟ್ರೇ. ಯಾರನ್ನೂ ನಂಬೋಹಾಗಿಲ್ಲ" ಎಂದುಬಿಟ್ಟೆ. ಜಗತ್ತಿನಲ್ಲಿ ಹೇಳಬಹುದಾಗಿದ್ದ ಸಾವಿರ ಮಾತುಗಳಲ್ಲಿ ಹೇಳಬಾರದಾಗಿದ್ದ ಒಂದೇ ಒಂದು ಮಾತನ್ನು ಹುಡುಕಿ ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಮಾಸ್ಟರ್ ಮೇಜಿನ ಕೆಳಗಿದ್ದ ತಮ್ಮ ಕೈಚೀಲವನ್ನು ಒಮ್ಮೆ ನೋಡಿ, ಕ್ಯಾಮೆರಾವನ್ನು ಒಮ್ಮೆ ನೋಡಿ, "ಸರಿ ಸಾರ್" ಎಂದರು. ಮೂವತ್ತೊಂದು ವರ್ಷದಲ್ಲಿ ಅವರು ನನ್ನನ್ನು ಸಾರ್ ಎಂದದ್ದು ಅದೇ ಮೊದಲು.

ಮರುದಿನ ನೀರು ಸರಬರಾಜು ಕಚೇರಿಯ ಎಂಜಿನಿಯರ್ ಬಂದರು. ನಮ್ಮ ಹಳೆಯ ಗಿರಾಕಿ. ಮುಂದಿನ ಶನಿವಾರ ಅವರ ನಿವೃತ್ತಿ, ಬೀಳ್ಕೊಡುಗೆ ಸಮಾರಂಭಕ್ಕೆ ಕೋಟು ಬೇಕು. ಮೂವತ್ತು ವರ್ಷ ಫೈಲಿನ ಚೀಲ ಹೊತ್ತು ಅವರ ಬಲ ಹೆಗಲು ಎರಡು ಬೆರಳಷ್ಟು ಇಳಿದಿದೆ. ಅದನ್ನು ಮುಚ್ಚುವ ಕೋಟು ಹೊಲಿಯುವವರು ಊರಲ್ಲಿ ಮಾಸ್ಟರ್ ಒಬ್ಬರೇ. ನಾನು ಟೇಪು ಹಿಡಿದೆ. ಅಳತೆ ಕೊಡುವಾಗ ಹೊಟ್ಟೆಯನ್ನು ಒಳಗೆಳೆದುಕೊಂಡು ಉಸಿರು ಹಿಡಿಯುವುದು ಅವರ ಅಭ್ಯಾಸ. ನಾವು ಸುಮ್ಮನೆ ಮೂರು ಇಂಚು ಸೇರಿಸಿ ಬರೆದುಕೊಳ್ಳುವುದು ನಮ್ಮ ಅಭ್ಯಾಸ. ಯಾರಿಗೂ ಬೇಸರವಿಲ್ಲ.

"ಹೊಟ್ಟೆ ಬಿಡಿ ಸಾರ್" ಎಂದು ಗೋಡೆ ಹೇಳಿತು.

ಎಂಜಿನಿಯರ್ ಬೆಚ್ಚಿಬಿದ್ದು ಉಸಿರು ಬಿಟ್ಟರು. ಹೊಟ್ಟೆಯೂ ಬಂತು.

"ಹಾಂ, ಈಗ ಸರಿ. ಅಳಿಯಂದ್ರೇ, ಈಗ ಅಳೀರಿ" ಎಂದಿತು ಗೋಡೆ. ಅತ್ತೆಯ ಧ್ವನಿ. ಊರಿನ ಇನ್ನೊಂದು ತುದಿಯ ಮಗನ ಮನೆಯಲ್ಲಿ ಕೂತು ಅವರು ಬೆಳಗ್ಗೆಯಿಂದ ನನ್ನ ಅಂಗಡಿ ನೋಡುತ್ತಿದ್ದರು.

"ಅತ್ತೆ, ಇದರಲ್ಲಿ ಮಾತಾಡೋಕೂ ಆಗುತ್ತಾ?"

"ಮೈಕಿನ ಚಿತ್ರ ಒತ್ತಿ ಹಿಡ್ಕೋಬೇಕು ಅಂತ ನಿಮ್ಮ ಭಾವಮೈದ ಹೇಳ್ಕೊಟ್ಟ. ಆ ನೀಲಿ ಬೇಡ ಅನ್ನಿ ಅವರಿಗೆ, ಬೂದು ಬಣ್ಣ ಒಪ್ಪುತ್ತೆ."

ಎಂಜಿನಿಯರ್ ಬೂದು ಬಣ್ಣವನ್ನೇ ಆರಿಸಿಕೊಂಡು ಹೋದರು. ಹೋಗುವಾಗ ಗೋಡೆಗೆ ನಮಸ್ಕಾರ ಮಾಡಿದರು. ಆ ವಾರ ನನ್ನ ಅತ್ತೆ ಹನ್ನೆರಡು ಗಿರಾಕಿಗಳಿಗೆ ಬಣ್ಣ ಬದಲಿಸಿದರು, ಒಬ್ಬರಿಗೆ ಮೀಸೆ ತೆಗೆಯಲು ಹೇಳಿದರು. ಹೊಲಿಗೆ ಯಂತ್ರ ಎರಡೂ ಒಟ್ಟಿಗೆ ಓಡಿದರೆ ಕ್ಯಾಮೆರಾ ತನ್ನಷ್ಟಕ್ಕೆ "ನಿಮ್ಮ ಮಗು ಅಳುತ್ತಿದೆ" ಎಂದು ಘೋಷಿಸಿ ಜೋಗುಳ ಹಾಕುತ್ತಿತ್ತು. ಹೊಲಿಯುವ ಇಬ್ಬರಲ್ಲಿ ಒಬ್ಬನಿಗೆ ಮಧ್ಯಾಹ್ನದ ಹೊತ್ತು ನಿಜಕ್ಕೂ ನಿದ್ದೆ ಬರತೊಡಗಿತು.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಮಾಸ್ಟರ್. ಅವರು ಜಗಳವಾಡಲಿಲ್ಲ, ಮುಖ ಗಂಟು ಹಾಕಲಿಲ್ಲ. ಕತ್ತರಿಸಿ ಉಳಿದ ಒಂದೊಂದು ಚೂರನ್ನೂ ಎರಡು ಕೈಯಲ್ಲಿ ಬಿಡಿಸಿ ಹಿಡಿದು ಕ್ಯಾಮೆರಾಕ್ಕೆ ತೋರಿಸತೊಡಗಿದರು.

"ಕಾಲರ್ ಚೂರು. ಉದ್ದ ನಾಲ್ಕಿಂಚು, ಅಗಲ ಒಂದೂವರೆ. ಚೀಲಕ್ಕೆ ಹಾಕ್ತಿದೀನಿ."

"ಆಯ್ತು ಮಾಸ್ಟ್ರೇ, ನೋಡಿದೆ" ಎನ್ನುತ್ತಿದ್ದರು ಅತ್ತೆ.

"ಜೇಬಿನ ಚೂರು. ಮೂರಿಂಚು. ಚೀಲಕ್ಕೆ."

"ಸ್ವಲ್ಪ ಎಡಕ್ಕೆ ಹಿಡೀರಿ. ಹಾಂ, ಆಯ್ತು."

ದಿನಕ್ಕೆ ಆರು ಪ್ಯಾಂಟು ಕತ್ತರಿಸುತ್ತಿದ್ದವರು ಎರಡಕ್ಕೆ ಇಳಿದರು. "ಅದರ ಅಗತ್ಯ ಇಲ್ಲ ಮಾಸ್ಟ್ರೇ" ಎಂದು ನಾನು ಕೈ ಮುಗಿದರೆ, "ಕಾಲ ಕೆಟ್ಟಿದೆ ಸಾರ್" ಎಂದರು. ಒಂದು ಮಧ್ಯಾಹ್ನ ಅತ್ತೆ ಮೈಕಿನ ಚಿತ್ರದಿಂದ ಬೆರಳು ತೆಗೆದಿದ್ದೇನೆ ಅಂದುಕೊಂಡು ಪಕ್ಕದಲ್ಲಿದ್ದ ಯಾರಿಗೋ ಹೇಳಿದ ಮಾತು ಇಡೀ ಅಂಗಡಿಗೆ ಕೇಳಿತು: "ಕುಂಬಳಕಾಯಿ ಕಳ್ಳ ಅಂದ್ರೆ ಇವ್ರು ಯಾಕೆ ಹೆಗಲು ಮುಟ್ಟಿ ನೋಡ್ಕೋತಾರೆ?" ಯಂತ್ರಗಳೆರಡೂ ನಿಂತವು. ಮಾಸ್ಟರ್ ತಲೆ ಎತ್ತಲಿಲ್ಲ. ಆಮೇಲೆ ಅವರು ತೋರಿಸುವ ಚೂರುಗಳು ಇನ್ನೂ ಸಣ್ಣವಾದವು, ಒಂದೊಂದು ದಾರವೂ ಲೆಕ್ಕಕ್ಕೆ ಬಂತು.

ಇದರ ಜೊತೆಗೆ ಕ್ಯಾಮೆರಾ ಇನ್ನೊಂದು ಪಾಠ ಶುರು ಮಾಡಿತು. ನಾಲ್ಕು ಮುಖ ಬಿಟ್ಟು ಬೇರೆ ಯಾರು ಕಂಡರೂ "ಮಗುವಿನ ಕೋಣೆಯಲ್ಲಿ ಅಪರಿಚಿತ ವ್ಯಕ್ತಿ ಇದ್ದಾರೆ" ಎನ್ನುವುದು. ಗಿರಾಕಿಗಳಿಗೂ ಹಾಗೆ ಅನ್ನುತ್ತಿತ್ತು, ಆದರೆ ಅವರು ಐದು ನಿಮಿಷ ನಿಂತು ಹೋಗುತ್ತಾರೆ. ಮಾಸ್ಟರ್ ಇಡೀ ದಿನ ಅದರ ಎದುರೇ ನಿಂತಿರುತ್ತಾರೆ. ತಲೆ ಬಗ್ಗಿಸಿ ಎತ್ತಿದಾಗಲೆಲ್ಲ ಅವರು ಹೊಸದಾಗಿ ಅಪರಿಚಿತರಾಗುತ್ತಿದ್ದರು. ಶುಕ್ರವಾರ ಈ ಕೂಗು ತಾಳಲಾರದೆ ಅತ್ತೆ ಅದನ್ನು ನಿಲ್ಲಿಸಲು ಹೊರಟರು. ಕೆಂಪು ಬಣ್ಣ ಎಂದರೆ ನಿಲ್ಲಿಸುವುದು ಎಂಬ ನಂಬಿಕೆಯಿಂದ ಮೊಬೈಲಿನಲ್ಲಿದ್ದ ಒಂದೇ ಒಂದು ಕೆಂಪು ಗುಂಡಿ ಒತ್ತಿದರು. ಅದು ಪೊಲೀಸರನ್ನು ಕರೆಯುವ ಗುಂಡಿ.

ಹೆಡ್ ಕಾನ್‌ಸ್ಟೇಬಲ್ ಬಂದರು. ಅವರು ಹಾಕಿಕೊಂಡಿದ್ದ ಪ್ಯಾಂಟೇ ಮಾಸ್ಟರ್ ಹೊಲಿದದ್ದು. ಆದರೂ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

"ಮಗುವಿನ ಕೋಣೇಲಿ ಯಾರೋ ನುಗ್ಗಿದ್ದಾರೆ ಅಂತ ಬಂದಿದೆ. ಯಾರದು?"

"ನಾನೇ ಸಾರ್" ಎಂದು ಮಾಸ್ಟರ್ ಮುಂದೆ ಬಂದು ಕೈಕಟ್ಟಿ ನಿಂತರು.

"ಏ, ತಮಾಷೆ ಮಾಡ್ಬೇಡಿ ಮಾಸ್ಟ್ರೇ."

"ಅಪರಿಚಿತ ವ್ಯಕ್ತಿ ಇದ್ದಾರೆ" ಎಂದಿತು ಕ್ಯಾಮೆರಾ.

"ಕೇಳಿದ್ರಲ್ಲ ಸಾರ್" ಎಂದರು ಮಾಸ್ಟರ್. "ಬರ್ಕೊಳ್ಳಿ. ಮೂವತ್ತೊಂದು ವರ್ಷದಿಂದ ನುಗ್ತಾ ಇದೀನಿ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಹಿಡಿದು ಸುತ್ತ ನೋಡಿದರು. "ಸರಿ, ಮಗು ಎಲ್ಲಿ?"

ಗೋಡೆ ಉತ್ತರ ಕೊಟ್ಟಿತು: "ಮಗು ಇಲ್ಲ ಸಾರ್. ಅಲ್ಲಿ ಕುರ್ಚೀಲಿ ಕೂತಿರೋದು ನಮ್ಮ ಅಳಿಯಂದ್ರು."

ಹೆಡ್ ಕಾನ್‌ಸ್ಟೇಬಲ್ ನನ್ನನ್ನು ಬಹಳ ಹೊತ್ತು ನೋಡಿ ಪುಸ್ತಕದಲ್ಲಿ ಏನೋ ಬರೆದರು. ಏನು ಬರೆದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸಂಜೆ ಭಾವಮೈದುನನಿಗೆ ಫೋನ್ ಮಾಡಿ ಕೂಗಾಡಿದೆ. ಮಾಸ್ಟರ್ ಮುಖವನ್ನು ಮೊದಲು ಅದರೊಳಗೆ ಸೇರಿಸು ಎಂದೆ.

"ನಾಲ್ಕೂ ತುಂಬಿದೆ ಭಾವ. ಒಬ್ರನ್ನ ತೆಗೀಬೇಕು. ಅಮ್ಮನ್ನ ತೆಗೀಲಾ?"

"ಬೇಡಪ್ಪ ಬೇಡ" ಎಂದೆ.

"ಇನ್ನೊಂದು ದಾರಿ ಇದೆ" ಎಂದ. "ಸಾಕುಪ್ರಾಣಿ ಅಂತ ಒಂದು ಜಾಗ ಖಾಲಿ ಇದೆ. ಅಲ್ಲಿ ಹಾಕಿದ್ರೆ ಅಪರಿಚಿತ ಅನ್ನೋದು ನಿಲ್ಲುತ್ತೆ. ಯಾರಿಗೂ ಗೊತ್ತಾಗಲ್ಲ, ಆ್ಯಪ್ ಒಳಗೆ ಮಾತ್ರ ಇರುತ್ತೆ."

ಓದುಗರು ನನ್ನನ್ನು ಬೈಯಬಹುದು. ಆದರೆ ಐದು ದಿನ ಜೋಗುಳ ಕೇಳಿ, ಪೊಲೀಸರ ಪುಸ್ತಕದಲ್ಲಿ ಬರೆಸಿಕೊಂಡು, ಒಂದೊಂದು ದಾರದ ಲೆಕ್ಕ ಕೇಳಿದ ಮನುಷ್ಯನ ಸ್ಥಿತಿಯನ್ನೂ ಯೋಚಿಸಬೇಕು. ಹಾಕು ಎಂದೆ. ಶನಿವಾರದಿಂದ ಕ್ಯಾಮೆರಾ ಮಾಸ್ಟರನ್ನು ಕಂಡರೆ ತೆಪ್ಪಗಿರುತ್ತಿತ್ತು. ನಾನು ಗೆದ್ದೆ ಅಂದುಕೊಂಡೆ.

ಬುಧವಾರ ಎಂಜಿನಿಯರ್ ಟ್ರಯಲ್ಲಿಗೆ ಬಂದರು. ಕೋಟು ಕಚ್ಚಾ ಹೊಲಿಗೆಯಲ್ಲಿತ್ತು. ಅಂದು ನನ್ನ ಹೆಂಡತಿಯೂ ಊಟದ ಡಬ್ಬಿ ತಂದಿದ್ದಳು. ಕನ್ನಡಕದವರು ಪ್ಯಾಂಟು ಗಿಡ್ಡ ಮಾಡಿಸಲು ಬಂದು ನಿಂತಿದ್ದರು. ಮಾಸ್ಟರ್ ಎಂಜಿನಿಯರ್ ಮೈಮೇಲೆ ಕೋಟು ಹಾಕಿ, ಬಲ ಹೆಗಲನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ತೋಳು ಬಿಚ್ಚಿ ತೆಗೆದರು. "ಹತ್ತು ನಿಮಿಷ, ಇಲ್ಲೇ ಹಾಕಿ ಕೊಡ್ತೀನಿ" ಎಂದರು. ಕೋಟಿನ ಕೈಹೊಲಿಗೆಗೆ ಅವರು ಹಳೇ ಕಾಲದ ಟೈಲರುಗಳ ಹಾಗೆ ಮೇಜಿನ ಮೇಲೆ ಹತ್ತಿ ಚಕ್ಕಲುಮಕ್ಕಲು ಹಾಕಿ ಕೂರುತ್ತಾರೆ. ಹತ್ತಿ ಕೂತರು. ಸೂಜಿಗೆ ದಾರ ಪೋಣಿಸಿದರು.

"ನಿಮ್ಮ ಸಾಕುಪ್ರಾಣಿ ಮೇಜಿನ ಮೇಲೆ ಹತ್ತಿದೆ" ಎಂದಿತು ಕ್ಯಾಮೆರಾ.

ಯಾರಿಗೂ ಅರ್ಥವಾಗಲಿಲ್ಲ. ಎಂಜಿನಿಯರ್ ಪಾಪ, ಬೆಕ್ಕು ಬಂದಿದೆಯೇನೋ ಎಂದು ಮೇಜಿನ ಕೆಳಗೆ ಬಗ್ಗಿ ನೋಡಿದರು.

"ಇಳಿ" ಎಂದಿತು ಕ್ಯಾಮೆರಾ. "ಇಳಿ. ಒಳ್ಳೆ ನಾಯಿ ಅಲ್ವಾ, ಕೆಳಗೆ ಇಳಿ."

ಮಾಸ್ಟರ್ ಒಬ್ಬರೇ ಮೇಜಿನ ಮೇಲಿದ್ದರು. ಅವರು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿದರು. ನಿಧಾನವಾಗಿ ಇಳಿದರು.

"ಜಾಣ" ಎಂದಿತು ಕ್ಯಾಮೆರಾ.

ನನ್ನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗುವಿಗೋ ಅಳುವಿಗೋ ನನಗೆ ಗೊತ್ತಿಲ್ಲ. ಮಾಸ್ಟರ್ ನನ್ನ ಮುಂದೆ ಬಂದು ನಿಂತರು. "ಇದು ಯಾರು ಹಾಕಿದ್ದು ಸಾರ್?" ಎಂದರು. ಭಾವಮೈದುನ ಎಂದು ಹೇಳಲು ಬಾಯಿ ತೆರೆದೆ. ಅವರು ನನ್ನನ್ನು ನೋಡಿದ ರೀತಿಗೆ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅವರು ಕತ್ತರಿಯನ್ನು ಒರೆಸಿ ಅದರ ಚೀಲಕ್ಕೆ ಹಾಕಿದರು, ಚೂರುಗಳ ಕೈಚೀಲವನ್ನು ಮೇಜಿನ ಮೇಲೆ ಬೋರಲು ಸುರಿದು ಖಾಲಿ ಚೀಲ ಹಿಡಿದು ಹೊರಟುಹೋದರು. ಎಂಜಿನಿಯರ್ ಒಂದು ತೋಳಿನ ಕೋಟಿನಲ್ಲಿ ಕನ್ನಡಿಯ ಮುಂದೆ ನಿಂತೇ ಇದ್ದರು.

ಗುರುವಾರ ನಾನು ಕೋಟು ಮುಗಿಸಲು ಪ್ರಯತ್ನ ಮಾಡಿದೆ. ಹೊಲಿಯುವ ಇಬ್ಬರೂ "ಮಾಸ್ಟರ್ ಗುರುತು ಹಾಕಿದ್ದಕ್ಕೆ ನಾವು ಕೈ ಹಾಕಲ್ಲ" ಎಂದು ಯಂತ್ರ ಮುಚ್ಚಿ ಕೂತರು. ನಾನೇ ಸೂಜಿ ಹಿಡಿದೆ. "ತೋಳು ಹಿಂದುಮುಂದಾಗಿದೆ ಅಳಿಯಂದ್ರೇ" ಎಂದು ಅತ್ತೆ ಗೋಡೆಯಿಂದ ಹೇಳುವಷ್ಟರಲ್ಲಿ ಅರ್ಧ ಹೊಲಿದಾಗಿತ್ತು. ಎಂಜಿನಿಯರ್ ಗಂಟೆಗೊಂದು ಸಲ ಫೋನ್ ಮಾಡಿ ಏನೂ ಕೇಳದೆ ನಿಟ್ಟುಸಿರು ಬಿಟ್ಟು ಇಡುತ್ತಿದ್ದರು. ನಾಲ್ಕು ಗಿರಾಕಿಗಳು ಬಂದು, ಮಾಸ್ಟರ್ ಇಲ್ಲವೆಂದು ತಿಳಿದು, ಬಟ್ಟೆಯನ್ನು ಕಂಕುಳಲ್ಲೇ ಇಟ್ಟುಕೊಂಡು ಹೋದರು. ಖಾಲಿ ಮೇಜು ನೋಡುತ್ತಾ ಕೂತಾಗ ನನಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಇವರು ಬರದಿದ್ದರೆ ಅಪ್ಪನ ಅಂಗಡಿಯನ್ನು ಮುಚ್ಚುವವನು ನಾನೇ.

ಸಂಜೆ ಮಾಸ್ಟರ್ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆರೆದರು.

"ಬನ್ನಿ. ಹುಷಾರಾಗಿ ಬನ್ನಿ, ಒಳಗೆ ನಾಯಿ ಇದೆ" ಎಂದರು.

ಮಾಸ್ಟರ್ ಕಿಟಕಿಯ ಹತ್ತಿರ ಕೂತು ತಮ್ಮದೇ ಅಂಗಿಗೆ ಗುಂಡಿ ಹಾಕುತ್ತಿದ್ದರು. ನಾನು ಆ್ಯಪಿನ ಕಥೆ, ನಾಲ್ಕು ಮುಖದ ಕಥೆ, ಎಲ್ಲ ಒದರಿದೆ.

"ಆ ನಾಲ್ಕು ಯಾರು?"

"ನಾನು, ನನ್ನ ಹೆಂಡತಿ, ಅತ್ತೆ, ಭಾವಮೈದ."

"ಅಷ್ಟರಲ್ಲಿ ಅಂಗಡಿಗೆ ಬರೋರು ಯಾರು?"

"ನಾನು."

"ನೀವೂ ಹನ್ನೊಂದಕ್ಕೆ" ಎಂದರು ಮಾಸ್ಟರ್. "ಒಬ್ರನ್ನ ತೆಗೀಬಹುದಿತ್ತಲ್ಲ."

"ಅತ್ತೇನ ತೆಗೆಯೋಕಾಗುತ್ತಾ ಮಾಸ್ಟ್ರೇ?"

ಅವರು ದಾರ ಹಲ್ಲಲ್ಲಿ ಕಚ್ಚಿ ಸ್ವಲ್ಪ ಯೋಚಿಸಿದರು. "ಅದು ನಿಜ" ಎಂದರು. ಆಮೇಲೆ ಅಂಗಿ ಪಕ್ಕಕ್ಕಿಟ್ಟರು. "ನಾಯಿ ಅಂದದ್ದು ಬಿಡಿ, ಯಂತ್ರಕ್ಕೆ ಬುದ್ಧಿ ಇಲ್ಲ. ನನ್ನ ಮೇಲೆ ಕಣ್ಣಿಡೋ ಹಾಗೆ ನಾನೇನು ತಗೊಂಡು ಹೋದೆ? ಒಂದು ಗುಂಡಿ? ಒಂದು ಗಜ ಲೈನಿಂಗ್? ಅದನ್ನ ಹೇಳಿ."

ಇನ್ನು ಸುಳ್ಳು ಉಳಿದಿರಲಿಲ್ಲ. ಕನ್ನಡಕದವರ ಬೋರ್ಡಿನಿಂದ ಹಿಡಿದು ಎಲ್ಲ ಹೇಳಿದೆ. ನಮ್ಮಲ್ಲಿ ಕದಿಯುವಂಥದ್ದು ಏನೋ ಇದೆ ಎಂದು ಬೀದಿ ಅಂದುಕೊಳ್ಳಲಿ ಎಂದು ಹಾಕಿಸಿದೆ ಎಂದೆ. ಒಳಗೆ ಅವರ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದರು.

"ಇಷ್ಟಕ್ಕಾ?" ಎಂದರು ಮಾಸ್ಟರ್.

"ಇಷ್ಟಕ್ಕೇ."

"ಹಾಗಾದ್ರೆ ಇದನ್ನ ಇಲ್ಲಿ ಹೇಳಿದ್ರೆ ಏನು ಬಂತು? ನನ್ನ ಮಾನ ಹೋಗಿದ್ದು ಅಲ್ಲಿ. ಆ ಮೊಲದ ಮುಂದೆ ಹೇಳಿ. ನಿಮ್ಮತ್ತೆ ಕೇಳ್ಬೇಕು, ಎಂಜಿನಿಯರ್ ಕೇಳ್ಬೇಕು, ಎದುರು ಅಂಗಡಿಯವರೂ ಕೇಳ್ಬೇಕು. ಆಮೇಲೆ ಒಳಗೆ ಕಾಲಿಡ್ತೀನಿ."

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಸಭೆ ಸೇರಿತು. ಎಂಜಿನಿಯರ್ ಬಂದರು. ಕನ್ನಡಕದವರು ಕರೆದ ಕೂಡಲೇ ಅಂಗಡಿ ಬಿಟ್ಟು ಓಡಿ ಬಂದರು. ಹೆಡ್ ಕಾನ್‌ಸ್ಟೇಬಲ್ ಆ ಕೇಸು ಮುಗಿಸಿ ಬರೆಯಬೇಕೆಂದು ಪುಸ್ತಕ ಹಿಡಿದು ಬಂದರು. ಮಾಸ್ಟರ್ ಹೊಸ್ತಿಲ ಆಚೆ ನಿಂತರು. ನಾನು ಮೊಲದ ಮುಂದೆ ಕೈಕಟ್ಟಿ ನಿಂತೆ.

"ಈ ಅಂಗಡೀಲಿ ಕದಿಯೋಕೆ ಏನೂ ಇಲ್ಲ" ಎಂದೆ.

"ಅಳಿಯಂದ್ರೇ, ಸ್ವಲ್ಪ ಜೋರಾಗಿ. ಇಲ್ಲಿ ಕುಕ್ಕರ್ ಕೂಗ್ತಿದೆ" ಎಂದರು ಅತ್ತೆ.

ಬೀದಿಗೆ ಕೇಳುವ ಹಾಗೆ ಮತ್ತೆ ಹೇಳಿದೆ. "ಕದಿಯೋಕೆ ಏನೂ ಇಲ್ಲ. ಎದುರಿನವರು ಬೋರ್ಡ್ ಹಾಕಿದ್ರು ಅಂತ ನಾನೂ ಹಾಕ್ದೆ. ಮಾಸ್ಟರ್ ಮೇಲೆ ನನಗೆ ಒಂದು ದಿನಾನೂ ಅನುಮಾನ ಬಂದಿಲ್ಲ. ನನಗೆ ಕತ್ತರಿ ಹಿಡಿಯೋಕೆ ಬರಲ್ಲ. ಸಾಲ ಕೊಟ್ಟ ಬ್ಯಾಂಕಿನವರಿಗೂ ಗೊತ್ತಿಲ್ಲದ ವಿಷಯ ಇದು. ಈ ಅಂಗಡೀಲಿ ಬೆಲೆಬಾಳೋದು ಅಂತ ಇರೋದು ಮಾಸ್ಟರ್ ಒಬ್ರೇ. ಅವರು ಹೋದ್ರೆ ನಾನು ನಾಳೆ ಬಾಗಿಲು ಹಾಕ್ಬೇಕು."

ಮಾಸ್ಟರ್ ಹೊಸ್ತಿಲು ದಾಟಿ ಬಂದು, ನಾನು ಹೊಲಿದಿದ್ದ ತೋಳನ್ನು ನೋಡಿ, "ಯಪ್ಪಾ" ಎಂದು ತಲೆ ಮೇಲೆ ಕೈಯಿಟ್ಟುಕೊಂಡು, ಅದನ್ನು ಬಿಚ್ಚಲು ಕೂತರು. ಅತ್ತೆಯೂ ಗೋಡೆಯಿಂದ "ನನ್ನದೂ ಒಂದು ಮಾತು ಜಾರಿತ್ತು ಮಾಸ್ಟ್ರೇ, ಮನಸ್ಸಿಗೆ ಹಚ್ಕೋಬೇಡಿ" ಎಂದರು. ಸಂಜೆಗೆ ಕೋಟು ಮುಗಿಯಿತು. ಶನಿವಾರ ಎಂಜಿನಿಯರ್ ಎರಡೂ ಹೆಗಲು ಸಮನಾಗಿ ನಿವೃತ್ತರಾದರು. ಕ್ಯಾಮೆರಾ ಬಿಚ್ಚಿ ಡ್ರಾಯರಿಗೆ ಹಾಕಿದೆ. ಅತ್ತೆ ಎರಡು ವಾರ ನನ್ನ ಜೊತೆ ಮಾತು ಬಿಟ್ಟರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಪುಣ್ಯವಂತ. ಆದರೆ ಆ ಕ್ಯಾಮೆರಾಕ್ಕೆ ದಿನದಲ್ಲಿ ನಡೆದ ಅತಿ ಮುಖ್ಯ ಘಟನೆಯನ್ನು ಆರಿಸಿ, ಹಿಂದೆ ಸಂಗೀತ ಹಾಕಿ, "ಕುಟುಂಬದ ಸವಿ ಕ್ಷಣ" ಎಂದು ಎಲ್ಲರಿಗೂ ಕಳಿಸುವ ಚಾಳಿಯಿತ್ತು. ಶುಕ್ರವಾರದ ಸವಿ ಕ್ಷಣ ನನ್ನ ಭಾಷಣ. ಭಾವಮೈದುನ ಅದನ್ನು ನೋಡಿ ಕಣ್ಣೀರು ಬಂತು ಎಂದು ತನಗೆ ಗೊತ್ತಿದ್ದವರಿಗೆಲ್ಲ ಕಳಿಸಿದ. ಅವನಿಗೆ ಗೊತ್ತಿಲ್ಲದವರು ಊರಲ್ಲಿ ಕಡಿಮೆ. ಸೋಮವಾರದ ಹೊತ್ತಿಗೆ ನನ್ನ ಅಂಗಡಿಯಲ್ಲಿ ಕದಿಯಲು ಏನಿದೆ ಎನ್ನುವುದು ಇಡೀ ಮಾರುಕಟ್ಟೆಗೆ ನನ್ನದೇ ಬಾಯಿಂದ ಗೊತ್ತಾಗಿತ್ತು. ಮಂಗಳವಾರ ಪಕ್ಕದ ಬೀದಿಯ ಮೂರು ಮಹಡಿ ಬಟ್ಟೆ ಅಂಗಡಿಯ ಮ್ಯಾನೇಜರ್ ಬಂದ. ನನ್ನ ಎದುರೇ ಮಾಸ್ಟರಿಗೆ ಗಾಜಿನ ಕೋಣೆ, ತಣ್ಣನೆ ಗಾಳಿ, ಎರಡರಷ್ಟು ಸಂಬಳ ಎಂದ.

ಮಾಸ್ಟರ್ ಕತ್ತರಿ ನಿಲ್ಲಿಸದೆ, "ನಾಳೆ ಹೇಳ್ತೀನಿ" ಎಂದರು.

ಇದು ನಾಲ್ಕು ತಿಂಗಳ ಹಿಂದಿನ ಮಾತು. ಮ್ಯಾನೇಜರ್ ವಾರಕ್ಕೊಮ್ಮೆ ಬರುತ್ತಾನೆ, ಮಾಸ್ಟರ್ ವಾರಕ್ಕೊಮ್ಮೆ ನಾಳೆ ಎನ್ನುತ್ತಾರೆ. ಹೋಗುತ್ತೇನೆ ಎಂದರೆ ಅತ್ತು ಸುಮ್ಮನಾಗಬಹುದು, ಹೋಗಲ್ಲ ಎಂದರೆ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ನಾಳೆ ಎನ್ನುವವರನ್ನು ಏನು ಮಾಡುವುದು? ಫ್ಯಾನನ್ನು ಅವರ ಕಡೆ ತಿರುಗಿಸಿದ್ದೇನೆ. ಅವರ ಚೀಲವನ್ನು ಬಸ್ ನಿಲ್ದಾಣದವರೆಗೆ ನಾನೇ ಹಿಡಿಯುತ್ತೇನೆ. ಹೊಲಿಯುವವರ ಹತ್ತಿರ ಇದ್ದ ಬೀಗದ ಕೈಯನ್ನು ನಾನೇ ಇಟ್ಟುಕೊಂಡು ಒಂಬತ್ತಕ್ಕೆ ಬಂದು ಬಾಗಿಲು ತೆಗೆಯುತ್ತೇನೆ, ಅವರು ಈಗ ಹತ್ತಕ್ಕೆ ಬರುತ್ತಾರೆ.

ಮೊನ್ನೆ ಒಂಬತ್ತೂಕಾಲಾದರೂ ಮಾಸ್ಟರ್ ಬರಲಿಲ್ಲ. ಒಂಬತ್ತಕ್ಕೆ ಒಂದು ನಿಮಿಷ ಆಚೆಯಾಗದ ಮನುಷ್ಯ. ಬಾಗಿಲಿಗೆ ಬೀಗ ಜಡಿದು ಪಕ್ಕದ ಬೀದಿಗೆ ಓಡಿ, ಆ ಮೂರು ಮಹಡಿಯ ಅಂಗಡಿಯ ಗಾಜಿಗೆ ಮೂಗು ಒತ್ತಿ ಒಂದೊಂದೇ ಮಹಡಿ ಹುಡುಕಿದೆ. ಕಾವಲುಗಾರ ಬಂದು ನನ್ನ ತೋಳು ಹಿಡಿದ.

"ಯಾರ್ರೀ ನೀವು? ಹತ್ತು ನಿಮಿಷದಿಂದ ಕ್ಯಾಮೆರಾದಲ್ಲಿ ನಿಮ್ಮನ್ನೇ ನೋಡ್ತಾ ಇದ್ದೀವಿ. ಏನು ಕದಿಯೋಕೆ ಬಂದಿದೀರಿ?"

ಅವನಿಗೆ ಏನೋ ಹೇಳಿ ಬಿಡಿಸಿಕೊಂಡು ವಾಪಸು ಓಡಿ ಬಂದೆ. ಬೀಗ ಹಾಕಿದ ನನ್ನ ಅಂಗಡಿಯ ಮುಂದೆ, ಬಿಸಿಲಲ್ಲಿ, ಮಾಸ್ಟರ್ ಚೀಲ ಹಿಡಿದು ನಿಂತಿದ್ದರು. ಬಸ್ಸು ತಡವಾಗಿತ್ತಂತೆ.

"ಎಲ್ಲಿಗೆ ಹೋಗಿದ್ರಿ? ಬಾಗಿಲಲ್ಲೇ ನಿಲ್ಲಿಸ್ತೀರಲ್ಲ" ಎಂದರು. "ಹೀಗಾದ್ರೆ ನಾನು ಬೇರೆ ಯೋಚನೆ ಮಾಡ್ಬೇಕಾಗುತ್ತೆ."

ಅಂದೇ ಮಧ್ಯಾಹ್ನ ಅಂಗಡಿಗೆ ಇನ್ನೊಂದು ಬೀಗದ ಕೈ ಮಾಡಿಸಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಒಳಜೇಬಿಗೆ ಹಾಕಿಕೊಂಡರು. ಈಗ ಅವರೇ ಮೊದಲು ಬಂದು ಬಾಗಿಲು ತೆಗೆಯುತ್ತಾರೆ. ನಾನು ತಡವಾಗಿ ಬಂದರೆ ಯಾಕೆ ತಡ ಎಂದು ಕೇಳುತ್ತಾರೆ, ನಾನು ಏನಾದರೊಂದು ಕಾರಣ ಹೇಳಿ ಒಳಗೆ ಹೋಗಿ ಕೂರುತ್ತೇನೆ.